ಒಂದೇ ದ್ವೀಪದಲ್ಲಿ ಎರಡು ಸೆರೆ: ಡೇವಿಡ್ ಬೇರ್ಡ್ ಮತ್ತು ದುರ್ಗದ ಸೀಮೆಯ ಬೇಡರು

ಚಿತ್ರದುರ್ಗ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಮರುವರ್ಷದ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಅವನೂ ಅವನ ಮಗ ಟಿಪ್ಪುವೂ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಇಡೀ ದಂಡನ್ನು ನುಚ್ಚುನೂರು ಮಾಡಿದರು. ಮೊದಲ ಗೆಲುವಿನಲ್ಲಿ ಸೆರೆಯಾದವರು ದುರ್ಗದ ಕೊನೆಯ ನಾಯಕ ಮದಕರಿ, ಅವನ ಮನೆಮಂದಿ, ಅವನನ್ನು ನಂಬಿದ್ದ ಸಾವಿರಾರು ಬೇಡ ಕುಟುಂಬಗಳು. ಎರಡನೆಯದರಲ್ಲಿ ಸೆರೆಯಾದವರು ಕಂಪನಿಯ ಸಿಪಾಯಿಗಳು ಮತ್ತು ಕೆಲವು ನೂರು ಮಂದಿ ಬ್ರಿಟಿಷರು; ಅವರೊಳಗೊಬ್ಬ ಡೇವಿಡ್ ಬೇರ್ಡ್ ಎಂಬ 22 ವರ್ಷದ ಸ್ಕಾಟ್ ಕ್ಯಾಪ್ಟನ್. ಇಬ್ಬಗೆಯವರನ್ನೂ ಒಯ್ದದ್ದು ಒಂದೇ ಕಡೆಗೆ, ಕಾವೇರಿ ಸುತ್ತುವರಿದ ಶ್ರೀರಂಗಪಟ್ಟಣದ ದ್ವೀಪಕ್ಕೆ. ಆದರೂ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯದು ಪಾಳೆಯಗಾರರ ಅಧ್ಯಾಯಕ್ಕೆ ಸೇರಿದೆ, ಎರಡನೆಯದು ಆಂಗ್ಲೋ-ಮೈಸೂರು ಯುದ್ಧಗಳ ಅಧ್ಯಾಯಕ್ಕೆ. ಇವೆರಡನ್ನೂ ಒಂದೇ ಪುಟದಲ್ಲಿಟ್ಟು ಓದಬೇಕು, ಹಾಗೆ ಓದಲು ಬೇಕಾದ ಸಾಮಗ್ರಿ ಬ್ರಿಟಿಷ್ ಸೆರೆಯಾಳುಗಳ ಬರಹದಲ್ಲೇ ಇದೆ ಎಂಬುದು ಈ ಟಿಪ್ಪಣಿಯ ವಾದ.

ನಾಯಕನಹಟ್ಟಿಯ ಕಡೆಯವರಿಗೆ ಇದು ದೂರದ ವಿಷಯವಲ್ಲ. ತಿಪ್ಪೇರುದ್ರಸ್ವಾಮಿಯ ಜಾತ್ರೆಯಿಂದ ಇಂದು ನಾಡಿಗೆಲ್ಲ ಗೊತ್ತಿರುವ ಈ ಊರು ಒಂದು ಕಾಲಕ್ಕೆ ತನ್ನದೇ ಪಾಳೆಯಪಟ್ಟಿನ ಠಾಣೆ. ಮೊಳಕಾಲ್ಮೂರೂ ಹಟ್ಟಿಯ ನಾಯಕರ ಕೈಯಲ್ಲೇ ಇತ್ತು. ದುರ್ಗದ ನಾಯಕರು ಬಲಿತಂತೆ ಈ ಸೀಮೆ ಅವರ ಪಾಲಾಯಿತು. ದುರ್ಗ ಬಿದ್ದಾಗ ಅದರೊಂದಿಗೆ ಮೈಸೂರಿಗೆ ಹೋಯಿತು. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ನಾಯಕ ಸಮುದಾಯದಲ್ಲಿ ಊರುನಾಯಕರು, ಮ್ಯಾಸನಾಯಕರು ಎಂಬ ಎರಡು ಕವಲುಗಳಿವೆ: ಒಂದು ಊರು-ಕೋಟೆಗಳನ್ನು ನಚ್ಚಿಕೊಂಡದ್ದು, ಇನ್ನೊಂದು ಕಾವಲು-ದನಗಳನ್ನು ನಚ್ಚಿಕೊಂಡದ್ದು. ಹಳೆಯ ದಾಖಲೆಗಳು ಈ ಭೇದವನ್ನು ಗಮನಿಸದೆ ಎಲ್ಲರನ್ನೂ ಬೇಡರು ಎಂದೇ ಬರೆದಿವೆ. ಆ ದಾಖಲೆಗಳನ್ನು ಚರ್ಚಿಸುವಾಗ ನಾನೂ ಅದೇ ಹೆಸರನ್ನು ಬಳಸಿದ್ದೇನೆ.

ಮೊದಲು ಬೇರ್ಡ್‌ನ ಕಥೆ. ಅದರ ಸಾಮಗ್ರಿ ಹೇರಳವಾಗಿದೆ. ಹೇರಳವಾಗಿರುವುದರಿಂದಲೇ ಸೋಸಿ ನೋಡಬೇಕಾಗಿದೆ.

1757ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ನ್ಯೂಬಿತ್‌ನಲ್ಲಿ ಹುಟ್ಟಿದ ಬೇರ್ಡ್ ಹದಿಹರೆಯದಲ್ಲೇ ಸೈನ್ಯ ಸೇರಿದ. ಲಾರ್ಡ್ ಮೆಕ್ಲೌಡ್ ಕಟ್ಟಿದ 73ನೇ ಹೈಲ್ಯಾಂಡ್ ರೆಜಿಮೆಂಟಿನ ಕ್ಯಾಪ್ಟನ್ನನಾಗಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಅದೇ ಜುಲೈನಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತ್ಯದ ಮೇಲೆ ಏರಿಹೋದ. ಬಕ್ಸಾರ್ ಗೆದ್ದ ಹೆಸರಿದ್ದ ಹೆಕ್ಟರ್ ಮನ್ರೋ ಕಾಂಚೀಪುರದಲ್ಲಿ ಬೀಡುಬಿಟ್ಟು, ಗುಂಟೂರಿನಿಂದ ಬರಬೇಕಿದ್ದ ಕರ್ನಲ್ ವಿಲಿಯಂ ಬೈಲಿಯ ದಂಡಿಗಾಗಿ ಕಾಯುತ್ತಿದ್ದ. ಬೈಲಿಯನ್ನು ದಾರಿಯಲ್ಲಿ ಕೊರ್ತಲೈಯಾರ್ ಹೊಳೆಯ ಪ್ರವಾಹ ತಡೆಹಿಡಿಯಿತು, ಹೊಳೆ ದಾಟಿದ ಮೇಲೆ ಟಿಪ್ಪು ತಡೆದ. ಮನ್ರೋ ಅವನ ನೆರವಿಗೆ ಕರ್ನಲ್ ಫ್ಲೆಚರ್‌ನ ಕೈಕೆಳಗೆ ಸುಮಾರು ಸಾವಿರ ಮಂದಿಯನ್ನು ಕಳಿಸಿದ. ಬೇರ್ಡ್ ಇದ್ದದ್ದು ಆ ಸಾವಿರದಲ್ಲಿ.

ಹೀಗೆ ಕೂಡಿದ ಸುಮಾರು 3,800 ಜನರ ದಂಡು ಸೆಪ್ಟೆಂಬರ್ 10ರ ಬೆಳಿಗ್ಗೆ ಪೊಳ್ಳಿಲೂರಿನಲ್ಲಿ ಎಲ್ಲ ದಿಕ್ಕಿನಿಂದಲೂ ಸುತ್ತುವರಿಯಲ್ಪಟ್ಟಿತು. ಚೌಕ ಕಟ್ಟಿ ನಿಂತಿದ್ದ ಸೈನ್ಯದ ನಡುವೆ ಮದ್ದಿನ ಬಂಡಿಗಳು ಸಿಡಿದವು. ಅಲ್ಲಿಂದ ಮುಂದೆ ಅದು ಯುದ್ಧವಾಗಿ ಉಳಿಯಲಿಲ್ಲ. 86 ಬ್ರಿಟಿಷ್ ಅಧಿಕಾರಿಗಳಲ್ಲಿ 36 ಮಂದಿ ಸತ್ತರು, 34 ಮಂದಿ ಗಾಯಗೊಂಡು ಸೆರೆಯಾದರು, ಮೈಗೆ ಏಟಾಗದೆ ಸಿಕ್ಕವರು ಬರಿ 16. ಫ್ಲೆಚರ್ ಸತ್ತ, ಬೈಲಿ ಶರಣಾದ. ತಲೆಗೆ ಕತ್ತಿಯೇಟು, ತೊಡೆಗೆ ಗುಂಡು, ತೋಳಿಗೆ ಈಟಿಯ ತಿವಿತ ತಿಂದ ಬೇರ್ಡ್ ಹೆಣಗಳ ನಡುವೆ ಬಿದ್ದಿದ್ದು, ಕೊನೆಗೆ ಹೈದರನ ಕಡೆಯಿದ್ದ ಫ್ರೆಂಚರ ಬಿಡಾರ ಸೇರಿ, ಅಲ್ಲಿಂದ ಮೈಸೂರಿನವರ ವಶವಾದ. ಅಲ್ಲಿಗೆ ಕೆಲವೇ ಮೈಲಿ ದೂರದಲ್ಲಿದ್ದ ಮನ್ರೋ ತನ್ನ ಭಾರಿ ತೋಪುಗಳನ್ನು ಕಾಂಚೀಪುರದ ದೇವಾಲಯದ ಕೊಳಕ್ಕೆ ಉರುಳಿಸಿ ಮದ್ರಾಸಿಗೆ ಹಿಂದೆಗೆದ.

ಆ ದಿನದ ಗೆಲುವನ್ನು ಮೈಸೂರು ಹೇಗೆ ನೆನೆಯಬಯಸಿತು ಎಂಬುದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ ಈಗಲೂ ನೋಡಬಹುದು. ಕೆಂಪಂಗಿಯವರ ಚೌಕ, ಅದರ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಸಾಲುಸಾಲು ಕುದುರೆ, ಕಡಿದು ಬೀಳುತ್ತಿರುವ ರುಂಡಗಳು. ಈ ಚಿತ್ರವನ್ನು ಸಾಕ್ಷ್ಯವಾಗಿ ಬಳಸುವವರು ಒಂದು ಎಚ್ಚರ ವಹಿಸಬೇಕು. 1799ರ ಮುತ್ತಿಗೆಗೆ ಮೊದಲು ಇದಕ್ಕೆ ಸುಣ್ಣ ಬಳಿಯಲಾಗಿತ್ತು; ಆಮೇಲೆ ಆ ಅರಮನೆಯಲ್ಲಿ ಬಿಡಾರ ಮಾಡಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ; 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಇನ್ನೊಮ್ಮೆ ಬರೆಯಲಾಯಿತು. ತನ್ನವರ ಸೋಲನ್ನು ಸೋತವರೇ ಎರಡು ಸಲ ದುಡ್ಡು ಕೊಟ್ಟು ಬರೆಸಿದ ಚಿತ್ರ ಜಗತ್ತಿನಲ್ಲಿ ಹೆಚ್ಚಿರಲಾರದು. ಹಾಗಾಗಿ ವಿನ್ಯಾಸ ಟಿಪ್ಪುವಿನ ಕಾಲದ್ದೆಂದು ಹೇಳಬಹುದೇ ಹೊರತು ಒಂದೊಂದು ಗೆರೆಯೂ ಅಂದಿನದೆನ್ನಲಾಗದು.

ತೋಪುಗಳನ್ನು ಪೊಳ್ಳಿಲೂರಿಗೆ ಎಳೆದು ತಂದ ಎತ್ತುಗಳ ಬಗ್ಗೆಯೂ ಒಂದು ಮಾತು. ಹೈದರನ ತೋಪುಗಳ ಚುರುಕು ನಡೆಗೆ, ಸೋತಾಗಲೂ ಅವು ಶತ್ರುವಿಗೆ ಸಿಗದೆ ಪಾರಾಗುತ್ತಿದ್ದುದಕ್ಕೆ, ಅವನ ಎತ್ತುಗಳೇ ಕಾರಣವೆಂದು ಬ್ರಿಟಿಷರೇ ಒಪ್ಪಿದ್ದಾರೆ. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಮೊದಲಾದ ಕಡೆಯ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳೆಂದೇ ದಾಖಲಾಗಿದ್ದವು. ಇವತ್ತು ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ, ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರ ಎದ್ದಿವೆ. ಸೈನ್ಯಕ್ಕೂ ಈ ಕಾವಲುಗಳಿಗೂ ಇರುವ ನಂಟು ಹೊಸದಾಗಿ ಹುಟ್ಟಿದ್ದಲ್ಲ.

ಸೆರೆವಾಸದ ವಿವರಗಳಿಗೆ ಬರೋಣ. ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಇದ್ದದ್ದು 1784ರ ಮಾರ್ಚ್‌ವರೆಗೆ, ಅಂದರೆ ಮಂಗಳೂರು ಒಪ್ಪಂದ ಆಗುವವರೆಗೆ. ಪೊಳ್ಳಿಲೂರಿನಿಂದ ಎಣಿಸಿದರೆ ಮೂರೂವರೆ ವರ್ಷ. ಈ ಅವಧಿಯ ಬಗ್ಗೆ ಎಲ್ಲರೂ ಹೇಳುವ ಕಥೆಗಳು ಎರಡು. ಒಂದು: ಅಧಿಕಾರಿಗಳ ಕಾಲಿಗೆ ಬೇಡಿ ಹಾಕಲು ಬಂದಾಗ ಬೇರ್ಡ್‌ನ ಗಾಯ ಇನ್ನೂ ಮಾಗಿರಲಿಲ್ಲ. ಎಷ್ಟು ಜನವೋ ಅಷ್ಟು ಜೊತೆ ಬೇಡಿ ಬಂದಿದೆ, ಅಷ್ಟನ್ನೂ ತೊಡಿಸಲೇಬೇಕು ಎಂದು ಬಂದವರು ಪಟ್ಟು ಹಿಡಿದಾಗ ಕ್ಯಾಪ್ಟನ್ ಲ್ಯೂಕಾಸ್ ಎಂಬಾತ, ಅವನ ಪಾಲಿನದನ್ನೂ ನನಗೇ ಹಾಕಿ ಎಂದ. ಬೇರ್ಡ್ ಬದುಕಿದ, ಲ್ಯೂಕಾಸ್ ಸೆರೆಯಲ್ಲೇ ಸತ್ತ. ಎರಡು: ಸೆರೆಯಾಳುಗಳನ್ನು ಇಬ್ಬಿಬ್ಬರಾಗಿ ಬಿಗಿದಿದ್ದಾರೆಂಬ ಸುದ್ದಿ ಕೇಳಿದ ಬೇರ್ಡ್‌ನ ತಾಯಿ, ತನ್ನ ಮಗನ ಸಿಡುಕು ಬಲ್ಲವಳಾದ್ದರಿಂದ, ಅವನ ಜೊತೆ ಸಂಕೋಲೆಗೆ ಬಿದ್ದವನ ಗತಿ ನೆನೆದು ಮರುಗಿದಳಂತೆ.

ತಾಯಿಯ ಮಾತು ಸೊಗಸಾಗಿದೆ. ಆದರೆ ಲ್ಯೂಕಾಸನ ಕಥೆಯಲ್ಲಿ ಬೇಡಿಗಳು ತಲೆಗೊಂದು ಜೊತೆ ಬಂದಿವೆ, ಅಂದರೆ ಒಬ್ಬೊಬ್ಬರ ಕಾಲಿಗೆ ಬೇರೆಬೇರೆ ಬೇಡಿ. ಹಾಗಿದ್ದರೆ ಬೇರ್ಡ್‌ಗೆ ಸಂಕೋಲೆಯ ಜೊತೆಗಾರನೇ ಇರಲಿಲ್ಲ. ಎರಡು ಕಥೆಗಳೂ ಒಂದೇ ಉಸಿರಿನಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಬಂದಿದ್ದರೂ ಅವು ಒಂದಕ್ಕೊಂದು ಕೂಡುವುದಿಲ್ಲ. ಲ್ಯೂಕಾಸನ ಪ್ರಸಂಗವನ್ನು ಜನಪ್ರಿಯಗೊಳಿಸಿದ್ದು ಥಿಯೊಡೋರ್ ಹುಕ್ ಬರೆದ ಬೇರ್ಡ್‌ನ ಜೀವನಚರಿತ್ರೆ. ಅದು ಅಚ್ಚಾದದ್ದು 1832ರಲ್ಲಿ, ಘಟನೆಯಾಗಿ ಅರ್ಧ ಶತಮಾನದ ಮೇಲೆ, ಬೇರ್ಡ್ ತೀರಿಕೊಂಡು ಮೂರು ವರ್ಷಕ್ಕೆ. ಹುಕ್ ಮೂಲತಃ ವಿನೋದ ಲೇಖಕ. ಮಾರಿಷಸ್‌ನ ಖಜಾನೆಯಲ್ಲಿ ಲೆಕ್ಕ ತಪ್ಪಿದ್ದಕ್ಕೆ ತಾನೇ ಲಂಡನ್ನಿನಲ್ಲಿ ಸಾಲಗಾರನಾಗಿ ಸೆರೆ ಕಂಡವನು. ಸೆರೆಯ ಸಂಕಟವನ್ನು ಬಣ್ಣ ಕಟ್ಟಿ ಹೇಳಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಲ್ಯೂಕಾಸನ ತ್ಯಾಗವನ್ನು ನಾನು ಸುಳ್ಳೆನ್ನುತ್ತಿಲ್ಲ. ಅದರ ಮಾತುಕತೆಯ ಭಾಗವನ್ನು ಹುಕ್‌ನ ಲೇಖನಿಯ ಲೆಕ್ಕಕ್ಕೆ ಬಿಡಬೇಕು ಎನ್ನುತ್ತೇನೆ.

ಘಟನೆಗೆ ಹತ್ತಿರದ ಸಾಕ್ಷ್ಯ ಬೇರೆಯೇ ಇದೆ. ಕ್ರಾಮ್‌ವೆಲ್ ಮ್ಯಾಸಿ ಎಂಬ ಅಧಿಕಾರಿ ಸೆರೆಯಲ್ಲೇ ಗುಟ್ಟಾಗಿ ದಿನಚರಿ ಬರೆದ. ಬಟ್ಟೆಯೊಳಗೆ ಅಡಗಿಸಲು ಬರುವಂತೆ ಪುಟ್ಟಪುಟ್ಟ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ ಅದು. ಅಕ್ಷರಗಳೂ ಅಷ್ಟೇ ಸಣ್ಣವು. 1788ರಲ್ಲಿ ವಿಲಿಯಂ ಥಾಮ್ಸನ್ ಪ್ರಕಟಿಸಿದ ಏಷ್ಯಾದ ಯುದ್ಧದ ನೆನಪುಗಳಲ್ಲೂ ಸೆರೆಯಾಳು ಅಧಿಕಾರಿಯ ದಿನಚರಿ ಸೇರಿದೆ. ಈ ಬಗೆಯ ಬರಹಗಳಲ್ಲಿ ವೀರಾವೇಶಕ್ಕಿಂತ ಅಕ್ಕಿಯ ಬೆಲೆ, ದಿನದ ಭತ್ಯ, ಆಮಶಂಕೆ, ಸತ್ತವರ ಹೆಸರು, ಕಾವಲಿನವರ ಗಾಳಿಸುದ್ದಿ, ಬೇಸರ ಕಳೆಯಲು ಆಡಿದ ಇಸ್ಪೀಟು ಇವೇ ಹೆಚ್ಚು. ನನ್ನ ಮಟ್ಟಿಗೆ ಅವುಗಳ ಬೆಲೆ ಇರುವುದೇ ಅಲ್ಲಿ.

ಈ ದಿನಚರಿಗಳನ್ನು ಓದಿದವರಿಗೆ ಶ್ರೀರಂಗಪಟ್ಟಣದ ಪ್ರವಾಸಿ ಮಾರ್ಗದರ್ಶಿಗಳು ಹೇಳುವ ಕಥೆ ಇರುಸುಮುರುಸು ಮಾಡುತ್ತದೆ. ಕೋಟೆಯ ಉತ್ತರಕ್ಕೆ, ಹೊಳೆಯ ಮಗ್ಗುಲಲ್ಲಿ, ಕರ್ನಲ್ ಬೈಲಿ ಬಂದೀಖಾನೆ ಎಂಬ ನೆಲಮಟ್ಟಕ್ಕಿಂತ ಕೆಳಗಿನ ಕಮಾನು ಕಟ್ಟಡವಿದೆ. ಒಳಗೋಡೆಯಿಂದ ಚಾಚಿದ ತೂತು ಕೊರೆದ ಕಲ್ಲುಗಳಿಗೆ ಕೈದಿಗಳನ್ನು ಬಿಗಿಯುತ್ತಿದ್ದರೆಂದೂ ಕತ್ತಿನವರೆಗೆ ನೀರು ಬಿಡುತ್ತಿದ್ದರೆಂದೂ ಅಲ್ಲಿ ಹೇಳುತ್ತಾರೆ. ಅಧಿಕಾರಿಗಳ ಬರಹದಲ್ಲಿ ಕಾಣುವುದಾದರೋ ಅಂಗಳ, ಅದರ ಸುತ್ತ ಚಾವಡಿಯಂಥ ಸಾಲು, ಅಡುಗೆ ಒಲೆ, ಬಾಗಿಲಲ್ಲಿ ಕಾವಲು. ಬೈಲಿಯನ್ನು ಮಿಕ್ಕವರಿಂದ ಬೇರೆಯಾಗಿ ಇಟ್ಟಿದ್ದರು. ಅವನ ಹೆಸರು ಹೊತ್ತ ಕಟ್ಟಡವೇ ಎಲ್ಲ ಬ್ರಿಟಿಷ್ ಸೆರೆಯಾಳುಗಳ ಸೆರೆಮನೆ ಎಂದು ನಂಬಲು ಸೆರೆಯಾಳುಗಳೇ ಬಿಡುವುದಿಲ್ಲ.

1782 ಆ ದ್ವೀಪಕ್ಕೆ ಸಾವಿನ ವರ್ಷ. ಚಿತ್ರದುರ್ಗದ ಪರಂಪರೆಯ ಪ್ರಕಾರ ಮದಕರಿ ನಾಯಕ ಸೆರೆಯಲ್ಲಿ ತೀರಿಕೊಂಡದ್ದು ಆ ವರ್ಷ. ನವೆಂಬರ್ 13ರಂದು ಬೈಲಿ ಸತ್ತ. ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ದಂಡಿನ ಬಿಡಾರದಲ್ಲಿ, ಇಬ್ಬರನ್ನೂ ಸೆರೆಹಿಡಿಸಿದ್ದ ಹೈದರನೇ ಸತ್ತ. ಬೈಲಿಯ ನೆನಪಿಗೆ ಅವನ ಸಂಬಂಧಿಯೊಬ್ಬ 1816ರಲ್ಲಿ ಶ್ರೀರಂಗಪಟ್ಟಣದಲ್ಲಿ ಗುಮ್ಮಟದ ಸ್ಮಾರಕ ಕಟ್ಟಿಸಿದ. ಹೈದರನದು ಗುಂಬಜ್. ಮದಕರಿಗೆ ಆ ದ್ವೀಪದಲ್ಲಿ ಅಂಥದ್ದೇನನ್ನೂ ಯಾರೂ ಎಬ್ಬಿಸಲಿಲ್ಲ.

ಈಗ ಇನ್ನೊಂದು ಸೆರೆ. ದುರ್ಗ ಬಿದ್ದ ಮೇಲೆ ಏನಾಯಿತೆಂಬುದಕ್ಕೆ ಎಲ್ಲರೂ ಮೊರೆಹೋಗುವುದು ಮಾರ್ಕ್ ವಿಲ್ಕ್ಸ್‌ನನ್ನು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಈ ಸೈನಿಕ 1810ರಿಂದ 1817ರೊಳಗೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆ ಪ್ರಕಟಿಸಿದ. ಅವನ ಪ್ರಕಾರ ಹೈದರ್ ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತ ಬದಲಾಯಿಸಿ, ಕವಾಯತು ಕಲಿಸಿ, ಚೇಲಾ ಪಟಾಲಮುಗಳನ್ನು ಕಟ್ಟಿದ. ಬಿ. ಎಲ್. ರೈಸ್‌ನ ಗೆಜೆಟಿಯರ್ ಇದನ್ನೇ ಎತ್ತಿಕೊಂಡಿತು. ಅಲ್ಲಿಂದ ಅದು ನಮ್ಮ ಪುಸ್ತಕಗಳಿಗೆ ಇಳಿಯಿತು.

20,000 ಎಂಬುದು ದುಂಡಗಿನ ಸಂಖ್ಯೆ. ಎತ್ತಂಗಡಿಯಾದವರನ್ನು ಯಾರೂ ಒಬ್ಬೊಬ್ಬರಾಗಿ ಎಣಿಸುವುದಿಲ್ಲ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಯಾರ ಶಾಸನವಿದೆಯೋ ಆ ಅಶೋಕನೇ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಕಳಿಂಗದಿಂದ ಸಾಗಿಸಿದವರನ್ನು ಒಂದೂವರೆ ಲಕ್ಷವೆಂದು ದುಂಡಗೆ ಹೇಳಿ ಮುಗಿಸಿದ್ದಾನೆ. ವಿಲ್ಕ್ಸ್‌ನ ಸಂಖ್ಯೆಯನ್ನು ಜನಗಣತಿಯ ಅಂಕಿಯಂತೆ ಹಿಡಿಯದೆ, ಒಂದು ಸೀಮೆಯ ಕಾದಾಡುವ ಜನ ಸಂಸಾರಸಮೇತ ಖಾಲಿಯಾಗುವಷ್ಟು ದೊಡ್ಡದು ಎಂಬ ಅರ್ಥದಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ವಿಲ್ಕ್ಸ್ ಗೆದ್ದ ಪಕ್ಷದ ಚರಿತ್ರಕಾರ. ಹೈದರ್ ಮತ್ತು ಟಿಪ್ಪುವಿನ ಕ್ರೌರ್ಯ ಎತ್ತಿ ತೋರಿಸಿದಷ್ಟೂ ಕಂಪನಿಯ ಗೆಲುವು ನ್ಯಾಯವಾಗಿ ಕಾಣುತ್ತದೆ. ಆದರೆ ಅವನ ಮಾತನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕುವವರು, ಜನರನ್ನು ಎತ್ತಿ ರಾಜಧಾನಿಗೆ ತಂದು ಹಾಕುವುದು ಆಗಿನ ಮೈಸೂರಿನ ಪದ್ಧತಿಯೇ ಆಗಿತ್ತೆಂಬುದನ್ನು ಮರೆಯುತ್ತಾರೆ. ಚಿತ್ರದುರ್ಗದ ನೆರೆಯ ಸಿರಾದಿಂದ 12,000 ಕುಟುಂಬಗಳನ್ನು ತಂದು ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಿದ್ದನ್ನು ರೈಸ್ ದಾಖಲಿಸುತ್ತಾನೆ. ನೇಯುವವರು ಒಂದು ಕೇರಿಗೆ, ಕಾದುವವರು ಒಂದು ಪಟಾಲಮಿಗೆ. ಬಯಲುಸೀಮೆಯ ಕೈಗಳನ್ನು ರಾಜಧಾನಿಗೆ ವರ್ಗಾಯಿಸುವ ಲೆಕ್ಕಾಚಾರ ಇದು.

ಬ್ರಿಟಿಷ್ ಸೆರೆಯನ್ನೂ ಇದೇ ಲೆಕ್ಕಾಚಾರದೊಳಗೆ ಇಟ್ಟು ನೋಡಬೇಕು. ಬೇರ್ಡ್‌ನಂಥ ಅಧಿಕಾರಿಗಳನ್ನು ಮುಂದಿನ ಚೌಕಾಶಿಗೆ ಬೇಕೆಂದು ಕಾದಿರಿಸಿದರು; ಅವರಿಗೆ ಬೇಡಿ, ಬೇಸರ, ಕಾಯಿಲೆ. ಸಿಪಾಯಿಗಳ ಪಾಡು ಅದಕ್ಕಿಂತ ಕಠಿಣ. ತಮಗೆ ಸಿಕ್ಕ ಪುಡಿಗಾಸಿನಲ್ಲೇ ಉಳಿಸಿ ಅವರು ಬಿಳಿಯ ಸೈನಿಕರ ಹೊಟ್ಟೆ ನೋಡಿಕೊಂಡರೆಂದು ಬ್ರಿಟಿಷರೇ ಕೃತಜ್ಞತೆಯಿಂದ ಬರೆದರು, ಆದರೆ ಹಾಗೆ ನೋಡಿಕೊಂಡವರ ಹೆಸರು ಬರೆಯಲಿಲ್ಲ. ಮೂರನೆಯ ಗುಂಪು ಹುಡುಗರದು ಮತ್ತು ಕೈಕೆಲಸ ಬಲ್ಲ ಸಾಮಾನ್ಯ ಸೈನಿಕರದು. ಇವರನ್ನು ಆರಿಸಿ, ತಲೆ ಬೋಳಿಸಿ, ಬಲವಂತದಿಂದ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಚೇಲಾ ಪಟಾಲಮಿಗೆ ಸೇರಿಸಿದರು. ದುರ್ಗದ ಹುಡುಗರಿಂದ ಕಟ್ಟಿದ ಅದೇ ಪಟಾಲಮು ವ್ಯವಸ್ಥೆ. ಮಂಗಳೂರು ಒಪ್ಪಂದದ ಮೇಲೆ ಬೇರ್ಡ್ ಬಿಡುಗಡೆಯಾದ; ಈ ಗುಂಪಿನ ನೂರಾರು ಮಂದಿಗೆ ಬಿಡುಗಡೆಯಾಗಲಿಲ್ಲ.

ಅವರಲ್ಲಿ ಇಬ್ಬರು ತಪ್ಪಿಸಿಕೊಂಡು ಬಂದು ಪುಸ್ತಕ ಬರೆದರು. ಬಂಗಾಳ ಫಿರಂಗಿದಳದ ಜೇಮ್ಸ್ ಬ್ರಿಸ್ಟೋ 1781ರಲ್ಲಿ ಪುದುಚೇರಿಯ ಬಳಿ ಸಿಕ್ಕಿಬಿದ್ದವನು. ಅವನ ಹತ್ತು ವರ್ಷದ ಸೆರೆಯ ಕಥೆ 1790ರ ದಶಕದ ಆರಂಭದಲ್ಲೇ ಅಚ್ಚಾಯಿತು. ಜೇಮ್ಸ್ ಸ್ಕರಿ ಹ್ಯಾನಿಬಲ್ ಎಂಬ ಹಡಗಿನ ಹುಡುಗ. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರನ್ ಆ ಹಡಗನ್ನು ಹಿಡಿದು, ಸೆರೆಯಾಳುಗಳನ್ನು ಕಡಲೂರಿನಲ್ಲಿ ಹೈದರನಿಗೆ ಒಪ್ಪಿಸಿದ. ಸ್ಕರಿಯ ಪುಸ್ತಕ ಅವನು ಸತ್ತ ಮೇಲೆ, 1824ರಲ್ಲಿ ಬಂತು. ಟಿಪ್ಪುವಿನ ಕಾಲದಲ್ಲಿ ಕರ್ನಾಟಿಕ್ ಪ್ರಾಂತ್ಯದಿಂದ ಸೆರೆತಂದ ಹುಡುಗಿಯರನ್ನು ಈ ಹುಡುಗರಿಗೆ ಮದುವೆ ಮಾಡಿಕೊಟ್ಟರೆಂದು ಅವನು ಬರೆಯುತ್ತಾನೆ. ಸೆರೆಯಾಳಿಗೆ ಸೆರೆಯಾಳನ್ನೇ ಕಟ್ಟಿದ ಆ ಮದುವೆಗಳಲ್ಲಿ ಹೆಂಡತಿಯ ಕಡೆಯ ಕಥೆಯನ್ನು ಯಾರೂ ಬರೆದಿಡಲಿಲ್ಲ. ತಪ್ಪಿಸಿಕೊಂಡು ಬಂದಾಗ ಸ್ಕರಿಗೆ ಕುರ್ಚಿಯ ಮೇಲೆ ಕೂರುವುದು, ಚಾಕು-ಮುಳ್ಳುಚಮಚ ಹಿಡಿಯುವುದು ಮರೆತುಹೋಗಿತ್ತು, ಇಂಗ್ಲಿಷು ತೊದಲುತ್ತಿತ್ತು. ಲಿಂಡಾ ಕಾಲಿ 2002ರಲ್ಲಿ ಪ್ರಕಟಿಸಿದ ಸೆರೆಯಾಳುಗಳ ಕುರಿತ ಪುಸ್ತಕದಲ್ಲಿ ಸ್ಕರಿ, ಬ್ರಿಸ್ಟೋ, ಮ್ಯಾಸಿ ಮೂವರೂ ಬರುತ್ತಾರೆ. ಸಾಮ್ರಾಜ್ಯ ಕಟ್ಟುತ್ತಿದ್ದವರ ಬಲಹೀನತೆಗೆ ಅವರನ್ನು ಸಾಕ್ಷಿಯಾಗಿ ನಿಲ್ಲಿಸಿದ್ದು ಆ ಪುಸ್ತಕದ ಹೆಗ್ಗಳಿಕೆ. ನಮಗೆ ಅವರಿಂದ ಬೇಕಾದ ಸಾಕ್ಷ್ಯ ಬೇರೆ. ಚೇಲಾ ಪಟಾಲಮಿನ ದಿನಚರಿ ಏನು, ಏನು ಕೊಡುತ್ತಿದ್ದರು, ಹೇಗೆ ದಂಡಿಸುತ್ತಿದ್ದರು, ಯಾವ ಕೋಟೆಯಿಂದ ಯಾವ ಕೋಟೆಗೆ ಓಡಾಡಿಸುತ್ತಿದ್ದರು ಎಂಬುದನ್ನು ಒಳಗಿದ್ದು ಬರೆದವರು ಇವರು. ತಮ್ಮ ಪಕ್ಕದ ಸಾಲಿನಲ್ಲಿ ನಿಂತವರ ಬಗ್ಗೆ ಇವರಿಗೆ ಕುತೂಹಲ ಕಡಿಮೆ, ನಿಜ. ಆದರೂ ಒಂದೇ ವ್ಯವಸ್ಥೆಯೊಳಗಿನ ವಿವರ ಅದು. ಬ್ರಿಸ್ಟೋನ ಕವಾಯತನ್ನು ಓದುವಾಗ ನಾವು ದುರ್ಗದ ಹುಡುಗನ ಕವಾಯತನ್ನೂ ಒಂದು ಮಟ್ಟಿಗೆ ಓದುತ್ತಿರುತ್ತೇವೆ.

ಬೇಡರ ಸೆರೆಗೆ ದಿನಚರಿ ಏಕಿಲ್ಲ ಎಂದರೆ ಅಕ್ಷರ ಗೊತ್ತಿರಲಿಲ್ಲ ಎಂಬ ಸುಲಭದ ಉತ್ತರ ಸಿದ್ಧವಾಗಿರುತ್ತದೆ. ನನಗೆ ಅದು ಸಾಲದು. ಈ ಸೀಮೆಗೆ ನೆನಪಿಡುವ ಕಲೆ ಚೆನ್ನಾಗಿಯೇ ಗೊತ್ತಿತ್ತು. ಚಳ್ಳಕೆರೆ-ಮೊಳಕಾಲ್ಮೂರಿನ ಯಾವ ಹಳೆಯ ಊರಿನ ಬದಿಗೆ ಹೋದರೂ ವೀರಗಲ್ಲು ಕಾಣುತ್ತದೆ. ಗಾದ್ರಿ ಪಾಲನಾಯಕನಂಥ ವೀರರ ಕಥೆಗಳನ್ನು ಮ್ಯಾಸನಾಯಕರು ಇಂದಿಗೂ ಹಾಡುತ್ತಾರೆ. ಆದರೆ ವೀರಗಲ್ಲು ನಿಲ್ಲುವುದು ತುರು ಕಾಯುತ್ತ ಸತ್ತವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ. ಮೂರು ಹಂತದ ಆ ಕಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸೋತು, ಬದುಕಿ, ಕೈಕಟ್ಟಿಸಿಕೊಂಡು ದಕ್ಷಿಣಕ್ಕೆ ನಡೆದುಹೋದವನಿಗೆ ಅದರಲ್ಲಿ ಯಾವ ಹಂತವೂ ಇಲ್ಲ. ದುರ್ಗದ ಜನಮನದಲ್ಲಿ ಉಳಿದದ್ದೂ ಕಿಂಡಿಯ ಬಾಯಲ್ಲಿ ಒನಕೆ ಎತ್ತಿದ ಓಬವ್ವ. ಕೋಟೆ ಬಿದ್ದ ಮಾರನೆಯ ದಿನ ಗಂಟುಮೂಟೆ ಕಟ್ಟಿದ ಹೆಂಗಸಲ್ಲ. ಸ್ಕಾಟ್ಲೆಂಡಿನಲ್ಲಾದರೋ ಆ ಹೊತ್ತಿಗೆ ಸೆರೆಯ ಕಥೆ ಎಂಬುದು ಮುದ್ರಕರು ಕಾಸು ಕೊಟ್ಟು ಕೊಳ್ಳುವ ಸರಕಾಗಿತ್ತು. ಸೆರೆಯಿಂದ ಮರಳಿದವನು ಅಲ್ಲಿ ನಾಯಕನಾಗಬಹುದಿತ್ತು.

ಬೇರ್ಡ್ ಆದದ್ದೇ ಹಾಗೆ. 1791ರಲ್ಲಿ ಮತ್ತೆ ಬಂದು ಕಾರ್ನ್‌ವಾಲಿಸ್‌ನ ಕೈಕೆಳಗೆ ಶ್ರೀರಂಗಪಟ್ಟಣದ ಮೇಲೆ ಕಾದಿದ. 1799ರ ಮೇ 4ರ ಮಧ್ಯಾಹ್ನ, ತಾನೇ ಕೇಳಿ ಪಡೆದ ಹೊಣೆಯಂತೆ, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತು, ಕಾವೇರಿಯ ಬಂಡೆಗಳನ್ನು ದಾಟಿ, ಕೋಟೆಯ ವಾಯವ್ಯ ಮೂಲೆಯ ಬಿರುಕು ಹತ್ತಿಸಿದ. ರಾತ್ರಿ ಪಂಜಿನ ಬೆಳಕಿನಲ್ಲಿ ಟಿಪ್ಪುವಿನ ಹೆಣ ಗುರುತಿಸಿದವರ ಜೊತೆ ಇದ್ದ. ಬ್ರಿಟಿಷ್ ಸೆರೆಯಾಳುಗಳನ್ನು ಮುತ್ತಿಗೆಯ ದಿನಗಳಲ್ಲಿ ಕೊಂದ ಸುದ್ದಿ ಕೇಳಿ ಕೆಂಡವಾಗಿದ್ದರೂ ಟಿಪ್ಪುವಿನ ಮಕ್ಕಳಿಗೆ ಅಭಯ ಕೊಟ್ಟ. ಮರುದಿನವೇ ಪಟ್ಟಣದ ಅಧಿಕಾರ ಅವನಿಗಿಂತ ಕಿರಿಯನಾದ, ಗವರ್ನರ್ ಜನರಲ್‌ನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಆ ಕಹಿ ಬೇರ್ಡ್‌ನ ಮನಸ್ಸಿನಿಂದ ಬಹುಕಾಲ ಹೋಗಲಿಲ್ಲ. ಆಮೇಲೆ ಈಜಿಪ್ಟ್, 1804ರಲ್ಲಿ ನೈಟ್ ಪದವಿ, 1806ರಲ್ಲಿ ಕೇಪ್ ಗೆಲುವು, 1809ರ ಕೊರುನ್ನಾ ಕಾಳಗದಲ್ಲಿ ಎಡತೋಳಿನ ನಷ್ಟ, ಬ್ಯಾರನೆಟ್ ಪಟ್ಟ, 1829ರ ಆಗಸ್ಟ್‌ನಲ್ಲಿ ಸಾವು. ಅವನ ವಿಧವೆ ಡೇವಿಡ್ ವಿಲ್ಕಿಯಿಂದ ಬರೆಸಿದ, 1839ರಲ್ಲಿ ಮುಗಿದ ದೊಡ್ಡ ತೈಲಚಿತ್ರ ಎಡಿನ್‌ಬರೋದಲ್ಲಿದೆ. ಟಿಪ್ಪುವಿನ ಹೆಣದ ಬಳಿ ನಿಂತ ಬೇರ್ಡ್‌ನ ಕಾಲಡಿಯಲ್ಲಿ ವಿಲ್ಕಿ ಸೆರೆಮನೆಯ ಕಬ್ಬಿಣದ ಜಾಲರಿ ಬರೆದಿದ್ದಾನೆ. ವಿಲ್ಕಿ ಭಾರತವನ್ನು ಕಂಡವನಲ್ಲ. ಆ ಜಾಲರಿ ಶ್ರೀರಂಗಪಟ್ಟಣದ ವಾಸ್ತುವಿಗೆ ಸಾಕ್ಷ್ಯವಾಗದು, ಬೇರ್ಡ್‌ನ ಮನೆಯವರು ಆ ಬದುಕನ್ನು ಯಾವ ಕಥೆಯಾಗಿ ನೋಡಿದರು ಎಂಬುದಕ್ಕೆ ಸಾಕ್ಷ್ಯ.

ಅದೇ ಮೇ 4ರಂದು ಅದೇ ಪಟ್ಟಣದ ಸೆರೆಯಿಂದ ಇನ್ನೊಬ್ಬ ಹೊರಬಿದ್ದ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಧೋಂಡಿಯಾ ವಾಘ್. ಅವನನ್ನೂ ಟಿಪ್ಪು ಮತ ಬದಲಾಯಿಸಿ ಸೆರೆಗೆ ಹಾಕಿಸಿದ್ದ. ಗದ್ದಲದಲ್ಲಿ ತಪ್ಪಿಸಿಕೊಂಡ ಅವನು ಟಿಪ್ಪುವಿನ ಚದುರಿದ ಸೈನಿಕರನ್ನು ಕೂಡಿಸಿಕೊಂಡು ಕಂಪನಿಯ ಮೇಲೇ ತಿರುಗಿಬಿದ್ದ. ವೆಲ್ಲೆಸ್ಲಿ ಅವನನ್ನು ಬೆನ್ನಟ್ಟಿ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಕೊಂದದ್ದು 1800ರ ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿಗೆ ದಿನ ತಪ್ಪದೆ ಇಪ್ಪತ್ತು ವರ್ಷಕ್ಕೆ. ದಿನಾಂಕದ ಈ ಹೊಂದಿಕೆಗೆ ಅರ್ಥ ಕಟ್ಟಬೇಕಾಗಿಲ್ಲ. ಶ್ರೀರಂಗಪಟ್ಟಣದ ಸೆರೆ ಬರಿ ಬ್ರಿಟಿಷರದಾಗಿರಲಿಲ್ಲ ಎಂಬುದಕ್ಕೆ ಧೋಂಡಿಯಾ ಇನ್ನೊಂದು ಉದಾಹರಣೆ, ಅಷ್ಟೆ.

ಮುಗಿಸುವ ಮುನ್ನ ನಾಯಕನಹಟ್ಟಿಯ ಸೀಮೆಗೆ ನೇರವಾಗಿ ತಾಗುವ ಒಂದು ಎಳೆ. ಬ್ರಿಸ್ಟೋ ತಪ್ಪಿಸಿಕೊಂಡದ್ದು 1790ರ ಕೊನೆಯಲ್ಲಿ, ಕುಣಿಗಲ್ ಬಳಿಯ ಹುತ್ರಿದುರ್ಗದಿಂದ. ಅವನು ಹೋಗಿ ಸೇರಿದ್ದು ಕೊಪ್ಪಳದ ಕೋಟೆಗೆ ಮುತ್ತಿಗೆ ಹಾಕಿದ್ದ ನಿಜಾಮನ ದಂಡನ್ನು. ಅದರ ಜೊತೆ ಕಂಪನಿಯ ಪಡೆಯೊಂದಿತ್ತು. ನಕ್ಷೆಯ ಮೇಲೆ ಹುತ್ರಿದುರ್ಗದಿಂದ ಕೊಪ್ಪಳಕ್ಕೆ ಗೆರೆ ಎಳೆದರೆ ಅದು ಸಿರಾ, ಚಳ್ಳಕೆರೆ, ನಾಯಕನಹಟ್ಟಿಗಳ ಆಸುಪಾಸಿನಲ್ಲೇ ಹಾಯುತ್ತದೆ. ಕಾಡು-ಗುಡ್ಡ ಹಿಡಿದು, ಊರುಗಳನ್ನು ತಪ್ಪಿಸಿ, ಹಗಲು ಅಡಗಿ ನಡೆಯುವವನು ಗೆರೆಯ ಮೇಲೆ ನಡೆಯುವುದಿಲ್ಲ. ಆದರೂ ದುರ್ಗದ ಬಯಲುಸೀಮೆಯನ್ನು ಒಂದಲ್ಲ ಒಂದು ಕಡೆ ದಾಟದೆ ಅವನಿಗೆ ಉತ್ತರದ ದಾರಿ ಇರಲಿಲ್ಲ. ಬ್ರಿಸ್ಟೋನ ಪುಸ್ತಕವನ್ನು ಇದುವರೆಗೆ ಲಂಡನ್ ಮತ್ತು ಕಲ್ಕತ್ತೆಯ ಕಡೆಯಿಂದ ಓದಿದ್ದೇ ಹೆಚ್ಚು. ಅವನು ಹೇಳುವ ಹೊಳೆ, ಕಣಿವೆ, ಪಾಳುಕೋಟೆಗಳನ್ನು ಒಂದೊಂದಾಗಿ ಹಿಡಿದು ಹಿರಿಯೂರಿನಿಂದ ಕೂಡ್ಲಿಗಿಯವರೆಗಿನ ನೆಲದ ಮೇಲೆ ಗುರುತು ಹಾಕುವ ಕೆಲಸಕ್ಕೆ ಪತ್ರಾಗಾರ ಬಲ್ಲವರಿಗಿಂತ ಇಲ್ಲಿನ ಹಳ್ಳ-ಕಾವಲುಗಳ ಹೆಸರು ಬಲ್ಲವರೇ ಬೇಕು. ಮೆಕೆಂಜಿ ಸಂಗ್ರಹದ ಈ ಭಾಗದ ಕೈಫಿಯತ್ತುಗಳನ್ನು ಅದೇ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡರೆ, 1779ರ ಆಚೆಗೆ ಯಾವ ಹಟ್ಟಿಗಳು ಹಾಳುಬಿದ್ದವು, ಯಾವುವು ಮತ್ತೆ ತುಂಬಿದವು ಎಂಬ ಪಟ್ಟಿಯನ್ನು ಅಲ್ಲಿಂದ ಶುರುಮಾಡಬಹುದು.